ಒಂದು ಸಾಲು ಎಂದರೆ ಯಾರು?

(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಪ್ರೌಢಶಾಲಾ ಗಣಿತ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಕಾರ್ಯದರ್ಶಿಗಳು ಫೋನ್ ಮಾಡಿ, "ಈ ಸಲ ಮಕ್ಕಳಿಗೆ ಕಂಪ್ಯೂಟರ್ ವಿದ್ಯೆಯ ಬಗ್ಗೆ ನಾಲ್ಕು ಮಾತು ಹೇಳಿ ಟೀಚರ್" ಎಂದಾಗ ನನಗೆ ನಗು ಬಂತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸೀಮೆಸುಣ್ಣ ಹಿಡಿದವಳು ನಾನು. ಕಂಪ್ಯೂಟರ್ ಮುಟ್ಟಿದ್ದೇ ನಿವೃತ್ತಿ ಹತ್ತಿರ ಬಂದಾಗ. ಇಲ್ಲಿ ಕುಳಿತಿರುವ ಬಿಸಿಎ, ಡಿಪ್ಲೊಮಾ, ಬಿಇ ಮಕ್ಕಳಿಗೆ ಡಿಬಿಎಂಎಸ್ ಅಂತ ಒಂದು ಪೂರ್ತಿ ವಿಷಯವೇ ಇದೆ, ಅದಕ್ಕೆ ಪರೀಕ್ಷೆ ಬರೆದು ಅಂಕ ತೆಗೆದವರೂ ಇದ್ದೀರಿ. ಹಾಗಿದ್ದರೂ ಒಪ್ಪಿಕೊಂಡೆ. ಯಾಕೆಂದರೆ ಆ ವಿಷಯವನ್ನು ನಾನು ಕಲಿತದ್ದು ಪರೀಕ್ಷೆಗಾಗಿ ಅಲ್ಲ. ಒಂದು ತಪ್ಪು ಮಾಡಿ, ಅದರ ನಂತರ ಕಲಿತೆ. ಮೊದಲು ಆ ತಪ್ಪನ್ನು ಹೇಳುತ್ತೇನೆ. ಅದು ಯಾರ ವಿಷಯವೋ ಆ ಹುಡುಗಿಯೇ "ಹೇಳಿ ಟೀಚರ್, ಹೆಸರು ಮಾತ್ರ ಬೇಡ" ಅಂದಿದ್ದಾಳೆ.

ನಿವೃತ್ತಿಯಾದ ಮೇಲೆ ವಾರಕ್ಕೆರಡು ದಿನ ಟ್ರಸ್ಟಿನ ಕಚೇರಿಗೆ ಬಂದು ಕೈಲಾದ ಸಹಾಯ ಮಾಡುತ್ತಿದ್ದೆ. ವಿದ್ಯಾರ್ಥಿವೇತನದ ಲೆಕ್ಕವೆಲ್ಲ ಆಗ ಉದ್ದನೆಯ ರಿಜಿಸ್ಟರಿನಲ್ಲಿತ್ತು. ಅದನ್ನು ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಎಕ್ಸೆಲ್ ತೆರೆದು ಒಂದೇ ದೊಡ್ಡ ಹಾಳೆ ಮಾಡಿದೆ. ಕ್ರಮಸಂಖ್ಯೆ, ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಊರು, ಕಾಲೇಜು, ಕಾಲೇಜಿನ ವಿಳಾಸ, ಬ್ಯಾಂಕ್ ಖಾತೆ, ಮೊದಲ ಕಂತು, ಎರಡನೇ ಕಂತು, ಷರಾ. ನಾನೂರಕ್ಕೂ ಹೆಚ್ಚು ಸಾಲು. ಮುಗಿದ ದಿನ ಎಲ್ಲರಿಗೂ ಟೀ ಕೊಡಿಸಿದ್ದೆ.

ಎರಡನೇ ಕಂತು ಬ್ಯಾಂಕ್ ಖಾತೆಗೆ ಹೋಗಬೇಕಿತ್ತು. ಅದಕ್ಕೆ ಮೊದಲು ಪಟ್ಟಿಯಲ್ಲಿ ಎರಡೆರಡು ಸಲ ಬಂದ ಹೆಸರಿದ್ದರೆ ತೆಗೆಯಿರಿ ಎಂದರು. ಹೆಸರಿನ ಪ್ರಕಾರ ಅಕಾರಾದಿಯಾಗಿ ಜೋಡಿಸಿದೆ. ಒಂದರ ಕೆಳಗೆ ಒಂದು ಎರಡು ಸಾಲು ಬಂದವು. ಹೆಸರು ಒಂದೇ, ತಂದೆಯ ಹೆಸರು ಒಂದೇ, ಕಾಲೇಜು ಒಂದೇ, ಬಿಕಾಂ ಎರಡನೇ ವರ್ಷ ಎರಡರಲ್ಲೂ. ಊರಿನ ಜಾಗದಲ್ಲಿ ಬರೆಯುವಾಗ ನಾನೇ ಅವಸರಕ್ಕೆ ಇಬ್ಬರಿಗೂ ತಾಲ್ಲೂಕಿನ ಹೆಸರನ್ನೇ ಹಾಕಿದ್ದೆ. ಒಂದು ಸಾಲಿನಲ್ಲಿ ಬ್ಯಾಂಕ್ ಖಾತೆ ಇತ್ತು, ಇನ್ನೊಂದರಲ್ಲಿ ಖಾಲಿ. ಖಾಲಿ ಇದ್ದದ್ದು ಸುಳ್ಳು ಸಾಲು ಎಂದು ತೀರ್ಮಾನಿಸಿ ಅಳಿಸಿಬಿಟ್ಟೆ. ಒಂದು ನಿಮಿಷದ ಕೆಲಸವೂ ಅಲ್ಲ.

ಅವರು ಇಬ್ಬರು ಹುಡುಗಿಯರು. ಬೇರೆ ಬೇರೆ ಹಳ್ಳಿ, ಬೇರೆ ಬೇರೆ ಮನೆ. ಒಬ್ಬಳ ಪಾಸ್‌ಬುಕ್ಕಿನ ಜೆರಾಕ್ಸ್ ತಡವಾಗಿ ಬಂದು ಕಡತದಲ್ಲೇ ಉಳಿದಿತ್ತು, ಅಷ್ಟೆ.

ಮುಂದಿನ ವರ್ಷದ ಅರ್ಜಿ ಕೊಡಲು ಆಕೆ ತಾಯಿಯ ಜೊತೆ ಕಚೇರಿಗೆ ಬಂದಾಗ ಕೌಂಟರಿನಲ್ಲಿ ಇದ್ದವಳು ನಾನೇ. ಹೋದ ವರ್ಷದ ಎರಡನೇ ಕಂತು ಬರಲಿಲ್ಲ ಎಂದಳು, ತಗ್ಗಿದ ದನಿಯಲ್ಲಿ. ನಾನು ಬಹಳ ವಿಶ್ವಾಸದಿಂದ ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿ, "ನೋಡಮ್ಮ, ನಿನ್ನ ಹೆಸರು, ನಿನ್ನ ತಂದೆ ಹೆಸರು, ಹಣ ಹೋಗಿದೆ" ಎಂದೆ. ಆಕೆ ಸ್ವಲ್ಪ ಹೊತ್ತು ಪರದೆ ನೋಡಿದಳು. ಆಮೇಲೆ, "ಟೀಚರ್, ಇದು ನಾನಲ್ಲ" ಅಂದಳು.

ಏಳು ತಿಂಗಳು ಆಕೆ ಕೇಳಲು ಬಂದಿರಲಿಲ್ಲ. ಯಾಕೆ ಬರಲಿಲ್ಲ ಎಂದರೆ, "ಕೊಟ್ಟಿಲ್ಲ ಅಂದ್ರೆ ಏನೋ ಕಾರಣ ಇರುತ್ತೆ ಅಂದ್ಕೊಂಡ್ವಿ" ಎಂದು ತಾಯಿ ಹೇಳಿದರು. ಪರೀಕ್ಷಾ ಶುಲ್ಕವನ್ನು ದಂಡ ಸೇರಿಸಿ ಕಟ್ಟಿದ್ದರು. ಅದಕ್ಕಾಗಿ ಆ ತಾಯಿ ಕಿವಿಯ ಓಲೆ ಅಡವಿಟ್ಟಿದ್ದರು. ಟ್ರಸ್ಟಿನವರು ಅದೇ ವಾರ ಕಂತಿನ ಹಣ, ದಂಡದ ಹಣ ಎರಡನ್ನೂ ಕೊಟ್ಟರು, ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಆ ಭಾನುವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಫೋನ್ ಮಾಡಿದೆ. ಬೆಂಗಳೂರಿನಲ್ಲಿ ಇದೇ ಡೇಟಾಬೇಸ್ ಕೆಲಸದಲ್ಲಿದ್ದಾಳೆ. ಒಳ್ಳೆಯ ಸಾಫ್ಟ್‌ವೇರ್ ಯಾವುದಮ್ಮ, ಹಾಕಿಸಿಕೊಳ್ಳೋಣ ಎಂದೆ. "ಸಾಫ್ಟ್‌ವೇರ್ ಆಮೇಲೆ ನೋಡೋಣ ಟೀಚರ್. ಕಂಪ್ಯೂಟರ್ ಮುಚ್ಚಿಡಿ. ಗೆರೆ ಹಾಳೆ, ಪೆನ್ಸಿಲ್ ತಗೊಳ್ಳಿ. ನಿಮ್ಮ ಪಟ್ಟಿಯಲ್ಲಿ ಒಂದು ಸಾಲು ಅಂದ್ರೆ ಏನು? ಒಬ್ಬ ವಿದ್ಯಾರ್ಥಿನಿಯೋ, ಒಂದು ಅರ್ಜಿಯೋ, ಒಂದು ಸಲ ಕೊಟ್ಟ ಹಣವೋ?" ಎಂದಳು.

ನನಗೆ ಉತ್ತರ ಹೊಳೆಯಲಿಲ್ಲ. ನನ್ನ ಹಾಳೆಯಲ್ಲಿ ಒಂದು ಸಾಲು ಆ ಮೂರೂ ಆಗಿತ್ತು. ಆಗ ಅವಳು ಇನ್ನೊಂದು ಮಾತು ಹೇಳಿದಳು: "ನೀವೇ ಕಲಿಸಿದ್ದು ಟೀಚರ್. ಪ್ರಮೇಯ ಸಾಧಿಸೋಕೆ ಮುಂಚೆ ದತ್ತ ಏನು ಅಂತ ಬರೀರಿ ಅಂತಿದ್ರಿ."

ಕನ್ನಡ ಮಾಧ್ಯಮದಲ್ಲಿ ರೇಖಾಗಣಿತ ಓದಿದ ಪೋಷಕರಿಗೆ ನೆನಪಿರಬಹುದು. ದತ್ತ, ಸಾಧನೀಯ, ರಚನೆ, ಸಾಧನೆ. ದತ್ತ ಎಂದರೆ ಕೊಟ್ಟದ್ದು. ಡೇಟಾ ಎಂಬ ಲ್ಯಾಟಿನ್ ಮಾತಿಗೂ ಕೊಟ್ಟದ್ದು ಎಂದೇ ಅರ್ಥ. ಅದಕ್ಕೇ ಕನ್ನಡದಲ್ಲಿ ದತ್ತಾಂಶ, ದತ್ತಸಂಚಯ ಎನ್ನುತ್ತಾರೆ. ಇಷ್ಟು ವರ್ಷ ಕಪ್ಪುಹಲಗೆಯ ಮೇಲೆ ಬರೆದ ಪದ ಅದು. ಯಾರು ಕೊಟ್ಟದ್ದು, ಯಾರ ಬಗ್ಗೆ ಕೊಟ್ಟದ್ದು ಎಂದು ನಾನು ಕೇಳಿಕೊಂಡಿರಲಿಲ್ಲ.

ಅಲ್ಲಿಂದ ಸುಮಾರು ಆರು ತಿಂಗಳು ಪ್ರತಿ ಭಾನುವಾರ ಒಂದು ಗಂಟೆ ಪಾಠ ನಡೆಯಿತು. ಶಿಷ್ಯೆ ಗುರು, ನಾನು ವಿದ್ಯಾರ್ಥಿನಿ. ಆಶ್ಚರ್ಯವೆಂದರೆ ಮೊದಲ ಪಾಠ ನನಗೆ ಗೊತ್ತಿದ್ದದ್ದೇ. ಶಾಲೆಯಲ್ಲಿ ದಾಖಲಾತಿ ರಿಜಿಸ್ಟರ್ ಅಂತ ಒಂದಿದೆ. ಮಗು ಶಾಲೆಗೆ ಸೇರಿದ ದಿನ ಅದರಲ್ಲಿ ಒಂದು ಸಾಲು, ಆ ಸಾಲಿಗೆ ಒಂದು ದಾಖಲಾತಿ ಸಂಖ್ಯೆ. ಮಗು ಐದನೇ ತರಗತಿಯಿಂದ ಆರಕ್ಕೆ ಹೋಗಲಿ, ಎ ವಿಭಾಗದಿಂದ ಬಿ ವಿಭಾಗಕ್ಕೆ ಬದಲಾಗಲಿ, ಆ ಸಂಖ್ಯೆ ಬದಲಾಗುವುದಿಲ್ಲ. ಟಿಸಿ ಕೊಡುವಾಗಲೂ ಅದೇ ಸಂಖ್ಯೆ. ಒಂದು ಮಗು ಬಿಟ್ಟುಹೋದರೆ ಆ ಸಂಖ್ಯೆಯನ್ನು ಇನ್ನೊಂದು ಮಗುವಿಗೆ ಕೊಡುವುದಿಲ್ಲ. ಡೇಟಾಬೇಸಿನಲ್ಲಿ ಇದನ್ನು ಪ್ರೈಮರಿ ಕೀ ಎನ್ನುತ್ತಾರೆ. ಕೀಲಿಕೈ ಎಂಬ ಮಾತು ಸರಿಯಾಗಿದೆ, ಒಂದು ಕೀಲಿಗೆ ಒಂದೇ ಬಾಗಿಲು.

ನನ್ನ ಎಕ್ಸೆಲ್ ಹಾಳೆಯಲ್ಲೂ ಕ್ರಮಸಂಖ್ಯೆ ಇತ್ತಲ್ಲ ಎನ್ನಬಹುದು. ಇತ್ತು. ಆದರೆ ಅಕಾರಾದಿಯಾಗಿ ಜೋಡಿಸಿದಾಗಲೆಲ್ಲ ನಾನು ಅದನ್ನು ಹೊಸದಾಗಿ ಒಂದರಿಂದ ಬರೆಯುತ್ತಿದ್ದೆ. ಅದು ಸಾಲಿನ ಸ್ಥಾನ ಹೇಳುತ್ತಿತ್ತೇ ಹೊರತು ಮನುಷ್ಯರನ್ನು ಗುರುತಿಸುತ್ತಿರಲಿಲ್ಲ.

ಹೆಸರೇ ಸಾಲದೇ ಎಂದು ಕೇಳುವವರು ನಮ್ಮ ಅರ್ಜಿಗಳನ್ನು ಒಮ್ಮೆ ನೋಡಬೇಕು. ಮೊಹಮ್ಮದ್, ಮಹಮ್ಮದ್, ಮುಹಮ್ಮದ್, ಎಂ.ಡಿ., ಬರೀ ಎಂ. ಒಬ್ಬನೇ ಹುಡುಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು, ಪಿಯುಸಿಯಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು. ಹೆಣ್ಣುಮಕ್ಕಳ ಹೆಸರಿನ ಮುಂದೆ ಬಾನು, ಬೇಗಂ, ಬೀ ಎಂಬುದು ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಆಯಿಷಾ, ಆಯೇಷಾ, ಐಷಾ ಮೂರೂ ಒಬ್ಬಳೇ ಇರಬಹುದು, ಮೂವರೂ ಇರಬಹುದು. ಆನ್‌ಲೈನ್ ಅರ್ಜಿಗಳಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಪೆಟ್ಟಿಗೆ ಇಟ್ಟಿರುತ್ತಾರೆ. ನಮ್ಮಲ್ಲಿ ಬಹಳ ಮನೆಗಳಲ್ಲಿ ಕೊನೆಯ ಹೆಸರು ಎಂಬುದೇ ಇಲ್ಲ. ಮಕ್ಕಳು ತಂದೆಯ ಹೆಸರು ತುಂಬುತ್ತಾರೆ, ಇಲ್ಲವೇ ತಮ್ಮ ಹೆಸರನ್ನೇ ಎರಡಾಗಿ ಮುರಿಯುತ್ತಾರೆ. ಇದು ಮಕ್ಕಳ ತಪ್ಪಲ್ಲ, ಆ ಪೆಟ್ಟಿಗೆ ಗೆರೆ ಹಾಕಿದವರು ನಮ್ಮ ಊರನ್ನು ನೋಡಿಲ್ಲ. ನಾಳೆ ನಿಮ್ಮಲ್ಲಿ ಯಾರಾದರೂ ಆ ಗೆರೆ ಹಾಕುವ ಜಾಗದಲ್ಲಿ ಕೂತರೆ "ಪೂರ್ಣ ಹೆಸರು, ಅಂಕಪಟ್ಟಿಯಲ್ಲಿ ಇರುವಂತೆ" ಎಂದು ಒಂದೇ ಪೆಟ್ಟಿಗೆ ಇಡಿ. ನಮ್ಮ ಟ್ರಸ್ಟಿನ ಅರ್ಜಿಯಲ್ಲಿ ಈಗ ಹಾಗೇ ಇದೆ.

ಹಿರಿಯರೊಬ್ಬರು ಆಧಾರ್ ಸಂಖ್ಯೆಯನ್ನೇ ಕೀ ಮಾಡಿಕೊಳ್ಳಬಹುದಲ್ಲ ಎಂದರು. ಕೀ ಎಂದರೆ ಅದು ಪ್ರತಿ ಪಟ್ಟಿಯಲ್ಲಿ, ಪ್ರತಿ ರಸೀದಿಯಲ್ಲಿ, ಕಾಲೇಜಿಗೆ ಕಳಿಸುವ ಪ್ರತಿ ಪತ್ರದಲ್ಲಿ ಬರುವ ಸಂಖ್ಯೆ. ಮಕ್ಕಳ ಆಧಾರ್ ಅಷ್ಟು ಕಡೆ ಓಡಾಡುವುದು ಬೇಡ ಎಂದು ಬಿಟ್ಟೆವು. ಫೋನ್ ನಂಬರ್ ಆಗದು, ಒಂದೇ ಫೋನಿನಲ್ಲಿ ಅಕ್ಕ ತಂಗಿ ಇಬ್ಬರೂ ಅರ್ಜಿ ಹಾಕುತ್ತಾರೆ. ಬ್ಯಾಂಕ್ ಖಾತೆ ಬದಲಾಗುತ್ತದೆ. ಕೊನೆಗೆ ನಮ್ಮದೇ ಸಂಖ್ಯೆ, ಅದರಲ್ಲಿ ಊರು, ವರ್ಷ, ಜಾತಿ ಯಾವ ಗುಟ್ಟೂ ಇಲ್ಲದ ಬರೀ ಸಂಖ್ಯೆ. ರಾಜ್ಯದ ಶಾಲೆಗಳಲ್ಲಿ ಮಕ್ಕಳಿಗೆ ಸ್ಯಾಟ್ಸ್ ಸಂಖ್ಯೆ ಇರುವುದೂ ಇದೇ ಕಾರಣಕ್ಕೆ.

ಈ ವಿದ್ಯೆಯ ಬೇರು ಎಲ್ಲಿದೆ ಎಂದು ತಿಳಿಯುವ ಕುತೂಹಲ ಗಣಿತದವಳಾದ ನನಗೆ ಇದ್ದೇ ಇತ್ತು. ಎಡ್ಗರ್ ಕಾಡ್ ಎಂಬ ಗಣಿತಜ್ಞ. ಇಂಗ್ಲೆಂಡಿನಲ್ಲಿ 1923ರಲ್ಲಿ ಹುಟ್ಟಿ, ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿ, ಆಮೇಲೆ ಅಮೆರಿಕಕ್ಕೆ ಹೋಗಿ ಐಬಿಎಂ ಸೇರಿದವರು. 1970ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಪ್ರಯೋಗಾಲಯದಲ್ಲಿದ್ದಾಗ ಒಂದು ಪ್ರಬಂಧ ಪ್ರಕಟಿಸಿದರು. ಅಲ್ಲಿಯವರೆಗೆ ಮಾಹಿತಿಯನ್ನು ಮರದ ಕೊಂಬೆಗಳಂತೆಯೋ ಬಲೆಯಂತೆಯೋ ಒಂದಕ್ಕೊಂದು ಕಟ್ಟಿ ಇಡುತ್ತಿದ್ದರು. ಬೇಕಾದ್ದನ್ನು ಹುಡುಕಬೇಕಾದರೆ ಅದು ಎಲ್ಲಿದೆ, ಯಾವ ದಾರಿಯಲ್ಲಿ ಹೋಗಬೇಕು ಎಂಬುದನ್ನು ಪ್ರೋಗ್ರಾಂ ಬರೆಯುವವರೇ ತಿಳಿದಿರಬೇಕಿತ್ತು. ಯಾವ ಬೀರು, ಯಾವ ಖಾನೆ, ಯಾವ ಕಟ್ಟು ಎಂದು ಹಳೆಯ ಗುಮಾಸ್ತರಿಗೆ ಮಾತ್ರ ಗೊತ್ತಿರುವ ಕಚೇರಿಗಳಿರುತ್ತವಲ್ಲ, ಹಾಗೆ. ಆ ಗುಮಾಸ್ತರು ರಜೆ ಹಾಕಿದರೆ ಕಚೇರಿ ನಿಂತಿತು. ಬೀರು ಬದಲಾಯಿಸಿದರೆ ಪ್ರೋಗ್ರಾಂ ಕೆಟ್ಟಿತು.

ಕಾಡ್ ಹೇಳಿದ್ದು ಇಷ್ಟು. ಮಾಹಿತಿಯನ್ನು ಸರಳವಾದ ಕೋಷ್ಟಕಗಳಾಗಿ ನೋಡಿ. ಬೇಕಾದದ್ದು ಏನು ಎಂದು ಕೇಳಿ, ಹೇಗೆ ತರಬೇಕು ಎಂಬುದು ಯಂತ್ರದ ತಲೆನೋವು. ಆ ಕೋಷ್ಟಕಕ್ಕೆ ಅವರು ಕೊಟ್ಟ ಹೆಸರು ರಿಲೇಷನ್. ಪಿಯುಸಿ ಗಣಿತದಲ್ಲಿ ಸಂಬಂಧಗಳು ಮತ್ತು ಉತ್ಪನ್ನಗಳು ಎಂದು ಓದುತ್ತೀರಲ್ಲ, ಅದೇ ಸಂಬಂಧ. ಅದರ ಬುಡದಲ್ಲಿರುವುದು ಗಣಗಳು. ಹೈಸ್ಕೂಲಿನಲ್ಲಿ ನಾನು ಪುಷ್ಪಾವರಣ ಹಾಕಿ ಗಣ ಬರೆದು, ಗಣದಲ್ಲಿ ಒಂದು ಅಂಶ ಎರಡು ಸಲ ಬರುವಂತಿಲ್ಲ, ಯಾವ ಕ್ರಮದಲ್ಲಿ ಬರೆದರೂ ಗಣ ಅದೇ ಎಂದು ನೂರು ಸಲ ಹೇಳಿದ್ದೇನೆ. "ಇದು ಯಾಕೆ ಓದ್ಬೇಕು ಟೀಚರ್?" ಎಂದು ಕೇಳಿದ ಮಕ್ಕಳಿಗೆ ಆಗ ಸರಿಯಾದ ಉತ್ತರ ಕೊಡಲಿಲ್ಲ. ಉತ್ತರ ಇದಾಗಿತ್ತು. ಕಾಡ್ ಅವರಿಗೆ 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಅದೇ ಐಬಿಎಂನ ಡೊನಾಲ್ಡ್ ಚೇಂಬರ್ಲಿನ್, ರೇಮಂಡ್ ಬಾಯ್ಸ್ ಎಂಬ ಇಬ್ಬರು 1974ರಲ್ಲಿ ಪ್ರಕಟಿಸಿದ ಸೀಕ್ವೆಲ್ ಎಂಬ ಭಾಷೆಯೇ ಈಗ ನೀವು ಕಲಿಯುವ ಎಸ್‌ಕ್ಯೂಎಲ್.

ಎರಡನೆಯ ಪಾಠ ಕಷ್ಟದ್ದು. ಪಟ್ಟಿಯನ್ನು ಒಡೆಯುವುದು. ನನ್ನ ದೊಡ್ಡ ಹಾಳೆಯಲ್ಲಿ ಒಂದೇ ಕಾಲೇಜಿನ ಹೆಸರು, ವಿಳಾಸ ಅರವತ್ತು ಸಾಲುಗಳಲ್ಲಿತ್ತು. ಆ ಕಾಲೇಜು ಹೊಸ ಕಟ್ಟಡಕ್ಕೆ ಹೋಯಿತು. ಕೂತು ಬದಲಾಯಿಸಿದೆ, ಐವತ್ತೇಳರಲ್ಲಿ. ಮೂರು ಸಾಲಿನಲ್ಲಿ ಕಾಲೇಜಿನ ಹೆಸರನ್ನೇ ಬೇರೆ ರೀತಿ ಬರೆದಿದ್ದರಿಂದ ಅವು ಸಿಗಲಿಲ್ಲ. ಆ ಮೂವರ ಪತ್ರಗಳು ಹಳೆಯ ವಿಳಾಸಕ್ಕೆ ಹೋಗಿ ವಾಪಸ್ ಬಂದವು. ಇನ್ನೊಂದು ಐಟಿಐಯಿಂದ ಒಬ್ಬನೇ ಹುಡುಗನಿದ್ದ. ಅವನ ಕೋರ್ಸ್ ಮುಗಿದು ಸಾಲು ತೆಗೆದಾಗ ಆ ಐಟಿಐಯ ವಿಳಾಸವೂ ಹೋಯಿತು, ಮುಂದಿನ ವರ್ಷ ಮತ್ತೆ ವಿಚಾರಿಸಬೇಕಾಯಿತು. ಹೊಸ ಕಾಲೇಜೊಂದು "ನಮ್ಮನ್ನೂ ಸೇರಿಸಿಕೊಳ್ಳಿ" ಎಂದು ಪತ್ರ ಬರೆದರೆ ಅದನ್ನು ಬರೆದಿಡಲು ನನ್ನ ಹಾಳೆಯಲ್ಲಿ ಜಾಗವೇ ಇಲ್ಲ, ವಿದ್ಯಾರ್ಥಿ ಇಲ್ಲದೆ ಸಾಲು ಹೇಗೆ ಬರೆಯಲಿ? ಬದಲಿಸುವಾಗ, ಅಳಿಸುವಾಗ, ಸೇರಿಸುವಾಗ ಬರುವ ಈ ಮೂರು ತೊಂದರೆಗಳನ್ನು ನಿಮ್ಮ ಪಠ್ಯದಲ್ಲಿ ಅನಾಮಲಿ ಎಂದು ಓದಿರುತ್ತೀರಿ. ನಾನು ಓದುವ ಮೊದಲೇ ಮೂರನ್ನೂ ಅನುಭವಿಸಿದ್ದೆ.

ನೆಲದ ಮೇಲೆ ಹಾಳೆಗಳನ್ನು ಹರಡಿಕೊಂಡು ಕೂತೆ. ಒಂದು ಹಾಳೆ ವಿದ್ಯಾರ್ಥಿಗಳದ್ದು, ಅದರಲ್ಲಿ ವಿದ್ಯಾರ್ಥಿಯ ವಿಷಯ ಮಾತ್ರ. ಒಂದು ಹಾಳೆ ಸಂಸ್ಥೆಗಳದ್ದು, ಕಾಲೇಜಿನ ವಿಳಾಸ ಅಲ್ಲಿ ಒಂದೇ ಸಲ. ಮೂರನೆಯದು ಅರ್ಜಿಗಳದ್ದು: ಯಾವ ವಿದ್ಯಾರ್ಥಿ, ಯಾವ ಸಂಸ್ಥೆ, ಯಾವ ವರ್ಷ, ಯಾವ ತರಗತಿ. ಒಬ್ಬ ಹುಡುಗಿ ಪಿಯುಸಿಗೆ ಒಂದು ಕಡೆ, ಬಿಕಾಂಗೆ ಒಂದು ಕಡೆ ಓದಿದರೆ ಅವಳ ಸಾಲು ಒಂದೇ, ಅರ್ಜಿ ಮಾತ್ರ ನಾಲ್ಕೈದು. ನಾಲ್ಕನೆಯ ಹಾಳೆ ಹಣ ಕೊಟ್ಟದ್ದರದ್ದು: ಯಾವ ಅರ್ಜಿಗೆ, ಯಾವ ದಿನ, ಎಷ್ಟು, ಯಾವ ನಿಧಿಯಿಂದ. ಮೊದಲು "ಮೊದಲ ಕಂತು, ಎರಡನೇ ಕಂತು" ಎಂದು ಎರಡು ಕಾಲಂ ಇಟ್ಟಿದ್ದೆನಲ್ಲ, ಯಾರಿಗೋ ಮೂರನೆಯದು ಕೊಡಬೇಕಾಗಿ ಬಂದಾಗ ಷರಾದಲ್ಲಿ ಗೀಚಿದ್ದೆ. ಈಗ ಹತ್ತು ಸಲ ಕೊಟ್ಟರೂ ಹತ್ತು ಸಾಲು, ತೊಂದರೆಯಿಲ್ಲ.

ನಿಧಿಯ ಕಾಲಂ ಬಗ್ಗೆ ಒಂದು ಮಾತು. ಝಕಾತಿನ ಹಣ ಯಾರಿಗೆ ಸಲ್ಲಬೇಕು ಎಂಬುದಕ್ಕೆ ನಿಯಮವಿದೆ, ಸಾಮಾನ್ಯ ದೇಣಿಗೆಗೆ ಅಷ್ಟು ಕಟ್ಟುಪಾಡಿಲ್ಲ. ಎರಡೂ ಒಂದೇ ಪೆಟ್ಟಿಗೆಯಲ್ಲಿ ಬೆರೆತರೆ ದಾನಿಗೆ ಉತ್ತರ ಕೊಡಲಾಗದು. ಹಳೆಯ ರಿಜಿಸ್ಟರಿನಲ್ಲಿ ಇದನ್ನು ಹಿರಿಯರು ಹಸಿರು ಶಾಯಿ, ನೀಲಿ ಶಾಯಿ ಎಂದು ಬೇರೆ ಮಾಡಿದ್ದರು. ನಾನು ಟೈಪು ಮಾಡುವಾಗ ಶಾಯಿಯ ಬಣ್ಣವನ್ನು ಗಮನಿಸಲೇ ಇಲ್ಲ. ರಿಜಿಸ್ಟರ್ ಬರೆದವರಿಗೆ ನನಗಿಂತ ಚೆನ್ನಾಗಿ ಈ ವಿದ್ಯೆ ಗೊತ್ತಿತ್ತು.

ಒಂದು ಹಾಳೆಯ ಸಂಖ್ಯೆಯನ್ನು ಇನ್ನೊಂದು ಹಾಳೆಯಲ್ಲಿ ಬರೆದು ಕೊಂಡಿ ಹಾಕುವುದಕ್ಕೆ ಫಾರಿನ್ ಕೀ ಎನ್ನುತ್ತಾರೆ. ಇದರ ಬೆಲೆ ನನಗೆ ತಿಳಿದದ್ದು ಶಿಷ್ಯೆ ಒಂದು ಪ್ರಯೋಗ ಮಾಡಿಸಿದಾಗ. ನಾಲ್ಕೂ ಹಾಳೆಗಳನ್ನು ಎಸ್‌ಕ್ಯೂಲೈಟ್ ಎಂಬ ಉಚಿತ ಡೇಟಾಬೇಸಿನಲ್ಲಿ ಹಾಕಿ, ಈ ಕೊಂಡಿಗಳನ್ನು ಪಾಲಿಸಬೇಕು ಎಂಬ ಆಜ್ಞೆಯನ್ನೂ ಕೊಟ್ಟು, "ಈಗ ಒಬ್ಬ ವಿದ್ಯಾರ್ಥಿನಿಯನ್ನ ಅಳಿಸಿ ನೋಡಿ ಟೀಚರ್" ಎಂದಳು. ಅಳಿಸಲು ಹೋದೆ. ಆಗಲಿಲ್ಲ. ಅವಳ ಹೆಸರಿನಲ್ಲಿ ಅರ್ಜಿ ಇದೆ, ಹಣ ಕೊಟ್ಟ ಸಾಲು ಇದೆ, ಅದಕ್ಕೇ ಯಂತ್ರ ಒಪ್ಪಲಿಲ್ಲ. ಆ ದಿನ ಕಚೇರಿಯಲ್ಲಿ ನನ್ನ ಕೈ ಹಿಡಿಯುವವರು ಯಾರೂ ಇರಲಿಲ್ಲ. ಸರಿಯಾಗಿ ಜೋಡಿಸಿದ ದಾಖಲೆ ಇದ್ದಿದ್ದರೆ ಅದೇ ಹಿಡಿಯುತ್ತಿತ್ತು.

ಖಾಲಿ ಜಾಗದ ಬಗ್ಗೆ ಹೇಳಲೇಬೇಕು, ನಾನು ಎಡವಿದ್ದೇ ಅಲ್ಲಿ. ಖಾಲಿ ಎಂದರೆ ಸೊನ್ನೆಯಲ್ಲ, ಸುಳ್ಳೂ ಅಲ್ಲ. ಇನ್ನೂ ಗೊತ್ತಿಲ್ಲ ಎಂದು ಅರ್ಥ. ಡೇಟಾಬೇಸಿನಲ್ಲಿ ಇದಕ್ಕೆ ನಲ್ ಎಂಬ ಪ್ರತ್ಯೇಕ ಗುರುತೇ ಇದೆ. ಒಂದು ಲೆಕ್ಕ ನೋಡಿ. ಐದು ಮಕ್ಕಳ ಅಂಕ 80, 70, 90, 60, ಐದನೆಯವಳ ಫಲಿತಾಂಶ ಇನ್ನೂ ಬಂದಿಲ್ಲ. ಬಂದವರ ಸರಾಸರಿ 75. ಖಾಲಿಯನ್ನು ಸೊನ್ನೆ ಎಂದು ಓದಿದರೆ ಸರಾಸರಿ 60 ಆಗುತ್ತದೆ, ಜೊತೆಗೆ ಆ ಹುಡುಗಿ ನಪಾಸಾಗುತ್ತಾಳೆ, ಪತ್ರಿಕೆ ತಿದ್ದುವ ಮೊದಲೇ. ತಂದೆಯ ಹೆಸರಿನ ಜಾಗ ಖಾಲಿ ಇರುವ ಅರ್ಜಿಗಳು ನಮಗೆ ಬರುತ್ತವೆ. ತೀರಿಹೋಗಿರಬಹುದು, ಬಿಟ್ಟುಹೋಗಿರಬಹುದು, ಬರೆಯಲು ಮರೆತಿರಬಹುದು. ಕೌಂಟರಿನಲ್ಲಿ ಕೂತವರು ಜೋರಾಗಿ ಕೇಳಬಾರದು.

ಇದೇ ಜಾಗದಲ್ಲಿ ಗುಟ್ಟಿನ ವಿಷಯವೂ ಬರುತ್ತದೆ. ದಫ್ತರ, ದಾಖಲೆ, ಹಾಜರಿ, ಬಾಕಿ, ವಸೂಲಿ, ಕನ್ನಡದ ಕಚೇರಿ ಮಾತುಗಳಲ್ಲಿ ಎಷ್ಟೋ ಅರಬ್ಬಿ ಪಾರ್ಸಿಯಿಂದ ಬಂದು ನಮ್ಮವೇ ಆದವು. ಅಮಾನತ್ತು ಎಂಬುದು ಒಂದು ವಿಚಿತ್ರ. ಸರ್ಕಾರಿ ಕನ್ನಡದಲ್ಲಿ ಅಮಾನತ್ತು ಎಂದರೆ ನೌಕರನನ್ನು ಮನೆಗೆ ಕಳಿಸುವುದು, ನಾನು ಮೇಷ್ಟರಾಗಿದ್ದಾಗ ಆ ಪದ ಕೇಳಿದರೆ ನಡುಗುತ್ತಿದ್ದೆವು. ನಿಮ್ಮ ಮನೆಗಳಲ್ಲಿ ಅಮಾನತ್ ಎಂದರೆ ನಂಬಿ ಇಡಲು ಕೊಟ್ಟದ್ದು. ತಾಯಿಯ ಆದಾಯ, ಮನೆಯ ಕಷ್ಟ, ಕಾಯಿಲೆ, ಇವನ್ನೆಲ್ಲ ಮಕ್ಕಳು ಅರ್ಜಿಯಲ್ಲಿ ಬರೆದುಕೊಡುತ್ತಾರಲ್ಲ, ಅದು ಆ ಎರಡನೆಯ ಅರ್ಥದ್ದು. ಹಳೆಯ ವಾರ್ಷಿಕ ವರದಿಗಳಲ್ಲಿ ಫಲಾನುಭವಿಗಳ ಹೆಸರು, ತಂದೆಯ ಹೆಸರು, ಮೊತ್ತ ಅಚ್ಚಾಗುತ್ತಿತ್ತು. ಈ ವರದಿಯಲ್ಲಿ ಹಾಗೆ ಮಾಡಿಲ್ಲ, ತರಗತಿವಾರು ಸಂಖ್ಯೆ ಮತ್ತು ಮೊತ್ತ ಮಾತ್ರ ಇದೆ. ಡೇಟಾಬೇಸಿನಲ್ಲಿ ಯಾರಿಗೆ ಯಾವ ಕಾಲಂ ಕಾಣಬೇಕು ಎಂದು ಗೆರೆ ಎಳೆಯಬಹುದು, ಅದಕ್ಕೆ ವ್ಯೂ ಎನ್ನುತ್ತಾರೆ. ಲೆಕ್ಕಪತ್ರ ನೋಡುವವರಿಗೆ ಮೊತ್ತ ಸಾಕು, ಯಾರ ಮನೆಯಲ್ಲಿ ಏನು ಕಷ್ಟ ಎಂಬುದು ಬೇಕಿಲ್ಲ. 2023ರಲ್ಲಿ ದೇಶದಲ್ಲಿ ವೈಯಕ್ತಿಕ ಡಿಜಿಟಲ್ ದತ್ತಾಂಶ ರಕ್ಷಣೆಗೆಂದು ಕಾಯ್ದೆಯೂ ಆಗಿದೆ.

ಇನ್ನು ಒಂದು ಪೆನ್‌ಡ್ರೈವ್ ಕಥೆ. ನನ್ನ ಹಾಳೆ ಕಚೇರಿಯಲ್ಲಿ ಒಂದು, ನನ್ನ ಮನೆಯಲ್ಲಿ ಒಂದು, ಲೆಕ್ಕಿಗರ ಹತ್ತಿರ ಒಂದು ಇತ್ತು. ಫೈನಲ್, ಫೈನಲ್ 2, ಹೊಸ ಫೈನಲ್. ಇಬ್ಬರು ಬೇರೆ ಬೇರೆ ಕಡೆ ತಿದ್ದಿದರೆ ಯಾವುದು ಸರಿ? ಡೇಟಾಬೇಸ್ ನಿರ್ವಹಣಾ ವ್ಯವಸ್ಥೆ ಎಂಬುದರಲ್ಲಿ ನಿರ್ವಹಣೆ ಎಂಬ ಪದ ಇರುವುದು ಇದಕ್ಕೇ. ಮಾಹಿತಿ ಒಂದೇ ಕಡೆ, ಕೇಳುವವರು ಹಲವರು, ತಿದ್ದುವವರಿಗೆ ಸರದಿ. ಟ್ರಸ್ಟಿನ ಲೆಕ್ಕದಲ್ಲಿ 5000 ಕಳೆದು, ವಿದ್ಯಾರ್ಥಿಯ ಸಾಲಿನಲ್ಲಿ 5000 ಬರೆಯಬೇಕು. ಒಂದು ಬರೆದು ಇನ್ನೊಂದು ಬರೆಯುವ ಮೊದಲು ಕರೆಂಟ್ ಹೋಯಿತು ಅನ್ನಿ. ನಮ್ಮ ಊರಲ್ಲಿ ಇದು ಉದಾಹರಣೆಯಲ್ಲ, ದಿನನಿತ್ಯದ ಮಾತು. ಒಳ್ಳೆಯ ವ್ಯವಸ್ಥೆಯಲ್ಲಿ ಎರಡೂ ಆಗಬೇಕು ಇಲ್ಲವೇ ಎರಡೂ ಆಗಬಾರದು. ಇದಕ್ಕೆ ಟ್ರಾನ್ಸಾಕ್ಷನ್ ಎನ್ನುತ್ತಾರೆ. ಇದರ ಮೇಲೆ ದುಡಿದ ಜಿಮ್ ಗ್ರೇ ಎಂಬವರಿಗೆ 1998ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಕೊಟ್ಟರು.

ಕಲಿಯುವುದು ಹೇಗೆ ಎಂದು ಮಕ್ಕಳು ಕೇಳುತ್ತೀರಿ. ಸಾವಿರಾರು ರೂಪಾಯಿ ಕೋರ್ಸಿನ ಜಾಹೀರಾತು ಹಿಡಿದು ಕಚೇರಿಗೆ ಬರುವ ಪೋಷಕರನ್ನು ನೋಡಿದ್ದೇನೆ. ಈ ವಿಷಯಕ್ಕೆ ಮೊದಲ ತಿಂಗಳು ದುಡ್ಡು ಬೇಡ. ಎಸ್‌ಕ್ಯೂಲೈಟ್, ಪೋಸ್ಟ್‌ಗ್ರೆಸ್ ಎರಡೂ ಉಚಿತ, ಮೊದಲನೆಯದು ಎಷ್ಟು ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಐಐಟಿ ಅಧ್ಯಾಪಕರ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿ ನೋಡಲು ಸಿಗುತ್ತವೆ. ಆದರೆ ಅದಕ್ಕೂ ಮೊದಲು ಪೆನ್ಸಿಲ್. ನಿಮ್ಮ ಬೀದಿಯ ನ್ಯಾಯಬೆಲೆ ಅಂಗಡಿ, ಅಜ್ಜಿಯ ಚೀಟಿ ಲೆಕ್ಕ, ಅಪ್ಪನ ಗ್ಯಾರೇಜು, ಯಾವುದಾದರೂ ಒಂದನ್ನು ತೆಗೆದುಕೊಳ್ಳಿ. ಅದರಲ್ಲಿ ಏನೇನು ವಸ್ತು ವ್ಯಕ್ತಿಗಳಿವೆ, ಅವಕ್ಕೆ ಒಂದಕ್ಕೊಂದು ಏನು ನಂಟು ಎಂದು ಚೌಕ ಹಾಕಿ ಗೆರೆ ಎಳೆಯಿರಿ. ಪೀಟರ್ ಚೆನ್ ಎಂಬವರು 1976ರಲ್ಲಿ ಕೊಟ್ಟ ಪದ್ಧತಿ ಅದೇ, ನೀವು ಇಆರ್ ಡಯಾಗ್ರಂ ಎಂದು ಬಾಯಿಪಾಠ ಮಾಡಿರುತ್ತೀರಿ. ಅಜ್ಜಿಯ ಚೀಟಿಯಲ್ಲಿ ಒಬ್ಬರೇ ಎರಡು ಚೀಟಿ ಹಾಕಿದ್ದರೆ ಸದಸ್ಯರ ಪಟ್ಟಿಯಲ್ಲಿ ಅವರು ಒಂದು ಸಾಲೋ ಎರಡೋ? ಅಜ್ಜಿಯನ್ನೇ ಕೇಳಿ, ಅವರಿಗೆ ಗೊತ್ತಿರುತ್ತದೆ.

ಆಜ್ಞೆಗಳನ್ನು ಕಲಿಯುವಾಗ ಒಂದು ಅಭ್ಯಾಸ ಇಟ್ಟುಕೊಳ್ಳಿ. ಅಪ್‌ಡೇಟ್ ಆಜ್ಞೆಯಲ್ಲಿ ಯಾವ ಸಾಲು ಎಂದು ಹೇಳುವ ವೇರ್ ಭಾಗ ಬರೆಯುವುದನ್ನು ಒಂದು ದಿನ ಮರೆತೆ. ಒಬ್ಬಳ ಊರು ಬದಲಿಸಲು ಹೋಗಿ ಎಲ್ಲಾ ಮಕ್ಕಳೂ ಒಂದೇ ಊರಿನವರಾದರು. ಅಭ್ಯಾಸದ ಪ್ರತಿಯಾದ್ದರಿಂದ ಉಳಿದುಕೊಂಡೆ. ಅಂದಿನಿಂದ, ಅಳಿಸುವ ಅಥವಾ ಬದಲಿಸುವ ಮೊದಲು ಅದೇ ವೇರ್ ಹಾಕಿ ಸೆಲೆಕ್ಟ್ ಮಾಡಿ, ಯಾವ ಸಾಲುಗಳು ಬರುತ್ತವೆ ಎಂದು ಕಣ್ಣಿನಿಂದ ನೋಡುತ್ತೇನೆ. ಸಾಧ್ಯವಾದರೆ ಅಳಿಸುವುದೇ ಇಲ್ಲ. ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ವೈಟ್‌ನರ್ ಹಚ್ಚುವಂತಿಲ್ಲ. ತಪ್ಪಾದರೆ ಕೆಂಪು ಶಾಯಿಯಲ್ಲಿ ಒಂದು ಗೆರೆ, ಪಕ್ಕದಲ್ಲಿ ಸರಿಯಾದದ್ದು, ಮುಖ್ಯೋಪಾಧ್ಯಾಯರ ಸಹಿ, ತಾರೀಖು. ನಮ್ಮ ಹೊಸ ದಾಖಲೆಯಲ್ಲೂ ಹಾಗೇ ಮಾಡಿದ್ದೇವೆ. ಸಾಲು ರದ್ದಾದರೆ ರದ್ದು ಎಂಬ ಗುರುತು, ಯಾರು ಮಾಡಿದರು, ಯಾವಾಗ, ಯಾಕೆ ಎಂಬ ನಾಲ್ಕು ಕಾಲಂ ತುಂಬಲೇಬೇಕು. ಅದರಲ್ಲಿ ಮೊದಲ ಸಾಲು ನನ್ನ ಹೆಸರಿನದ್ದು. ಆ ಹುಡುಗಿಯ ಸಾಲನ್ನು ನಾನು ಅಳಿಸಿದ ತಾರೀಖು, ಮತ್ತೆ ಸೇರಿಸಿದ ತಾರೀಖು ಎರಡೂ ಅಲ್ಲಿವೆ.

ಆಕೆ ಬಿಕಾಂ ಮುಗಿಸಿದ್ದಾಳೆ. ಅದೇ ಹೆಸರಿನ ಇನ್ನೊಬ್ಬಳೂ ಮುಗಿಸಿದಳು. ಇಬ್ಬರಿಗೂ ಈಗ ಬೇರೆ ಬೇರೆ ಸಂಖ್ಯೆ ಇದೆ, ಹಳ್ಳಿಯ ಹೆಸರೂ ಸರಿಯಾಗಿದೆ.

ಈ ವರ್ಷ ಅರ್ಜಿ ಹಾಕುವವರಿಗೆ ಕೊನೆಯದಾಗಿ ಎರಡು ಮಾತು. ಅರ್ಜಿ ಕೊಟ್ಟಾಗ ಸಂಖ್ಯೆ ಬರೆದ ರಸೀದಿ ಕೊಡುತ್ತಾರೆ, ಫೋನಿನಲ್ಲಿ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಹಿಂದೆ ಒಮ್ಮೆ ಸಹಾಯ ಪಡೆದವರು ಹೊಸಬರಂತೆ ಬರೆಯಬೇಡಿ, ಹಳೆಯ ಸಂಖ್ಯೆಯನ್ನೇ ಹಾಕಿ. ಪಾಸ್‌ಬುಕ್ ಇನ್ನೂ ಆಗಿಲ್ಲದಿದ್ದರೆ ಆ ಜಾಗ ಖಾಲಿ ಬಿಡಿ, ಪರವಾಗಿಲ್ಲ, ಅದಕ್ಕಾಗಿ ಯಾರ ಅರ್ಜಿಯೂ ಬೀಳುವುದಿಲ್ಲ. ಹಣ ಬರಬೇಕಾದ ತಿಂಗಳು ಬರದಿದ್ದರೆ ಏನೋ ಕಾರಣ ಇರುತ್ತದೆ ಎಂದು ಮನೆಯಲ್ಲಿ ಕೂರಬೇಡಿ, ಮರುವಾರವೇ ಬನ್ನಿ. ಬುಧವಾರ ಮತ್ತು ಶನಿವಾರ ಬೆಳಿಗ್ಗೆ ನಾನೇ ಕೌಂಟರಿನಲ್ಲಿ ಇರುತ್ತೇನೆ. ಪರದೆಯನ್ನು ನಿಮ್ಮ ಕಡೆ ತಿರುಗಿಸಿ ನಿಮ್ಮ ಸಾಲನ್ನು ತೋರಿಸುತ್ತೇನೆ. ಅದು ನೀವಲ್ಲದಿದ್ದರೆ, ಅಲ್ಲ ಎಂದು ಹೇಳಿ.